ಅಂಬಪ್ಪನ ಮೋಟಾರಿಗೆ ನೀರಡಿಕಿ

ಸಿಂಧನೂರಿನ ಅಂಬಪ್ಪನ ಮೋಟಾರಿಗೆ ಬರ್ತಿದ್ದ ನೀರಡಿಕಿ ಅಂಥಿಂಥದ್ದಲ್ಲ. ಎತ್ತು ನೀರು ಕುಡಿದ್ರ ಒಂದು ಹೊತ್ತು ಸುಮ್ಮನಿರತೈತಿ. ಎಮ್ಮಿ ಕುಡಿದ್ರ ಮೆಲುಕು ಹಾಕ್ಕೊಂತ ಮಲಗತೈತಿ. ಈ ಮೋಟಾರು ಮಾತ್ರ ಮ್ಯಾಲೆ ಕುಡೀತಿತ್ತು, ಕೆಳಗ ಸೋರಿಸ್ತಿತ್ತು, ಒಂದು ಹರದಾರಿ ಹೋಗೋದ್ರೊಳಗ ಮೂತಿಯಿಂದ ಹೊಗಿ ಬಿಟ್ಟು "ಇನ್ನ ನಾ ಒಲ್ಲೆ" ಅಂತ ನಿಂತುಬಿಡ್ತಿತ್ತು. ನಿಜಾಮ ಸರಕಾರದ ರಾಜ್ಯದಾಗ ನಡುರಸ್ತಾದಾಗ ನಿಂತು ಒಲ್ಲೆ ಅನ್ನೋ ಧೈರ್ಯ ಆ ಕಾಲಕ್ಕ ಇದ್ದದ್ದು ಬಹುಶಃ ಅದಕ್ಕೊಂದಕ್ಕ. ಅದರ ಸಹವಾಸದಿಂದ ಮಾಲಕಗೂ ಆ ಚಾಳಿ ಹೆಂಗ ಹತ್ತಿತು ಅನ್ನೋದನ್ನ ಈಗ ಹೇಳ್ತೀನಿ, ಕೇಳ್ರಿ.

ಮೋಟಾರು ಮೊದಲಿಗೆ ತಾಮೀರಾತ್ ಸಾಹೇಬರದು. ತಾಮೀರಾತ್ ಅಂದ್ರ ರಸ್ತಾ, ಸೇತುವಿ, ಸರಕಾರಿ ಬಂಗ್ಲೆ ಕಟ್ಟಿಸೋ ಇಲಾಖೆ. ಅಂಬಪ್ಪ ಅವರ ಬಂಗ್ಲೆದಾಗ ಮೋಟಾರು ತೊಳೆಯೋ ಆಳು. ತೊಳೆದು ತೊಳೆದು, ಡ್ರೈವರು ಜ್ವರ ಬಂದು ಮಲಗಿದಾಗೆಲ್ಲ ಹೊಡೆದು ಹೊಡೆದು, ತನಗ ಮೋಟಾರಿನ ವಿದ್ಯಾ ಪೂರಾ ಬಂದೈತಿ ಅಂತ ಅವನ ತಿಳುವಳಿಕಿ. ಪೂರಾ ಬಂದಿರಲಿಲ್ಲ. ಸ್ಟೇರಿಂಗ್ ತಿರುವಾಕ ಬರ್ತಿತ್ತು, ಬ್ರೇಕ್ ತುಳಿಯಾಕ ಬರ್ತಿತ್ತು, ಭೋಂಗಾ ಒತ್ತಾಕಂತೂ ಭೇಷ್ ಬರ್ತಿತ್ತು. ಅದರ ಹೊಟ್ಟಿಯೊಳಗಿನ ಸಂಗತಿ ಮಾತ್ರ ಎಲ್ಲಾ ಅಂದಾಜು.

ಸಾಹೇಬರಿಗೆ ಹೈದರಾಬಾದಿಗೆ ಬದ್ಲಿ ಆತು. ಮೋಟಾರಿಗೆ ಅಷ್ಟೊತ್ತಿಗೆ ವಯಸ್ಸಾಗಿತ್ತು. ಇಂಜಿನ್ನಿನ ಮಗ್ಗಲಾಗ ನೀರಿನ ಪಂಪು ಅಂತ ಒಂದು ಇರತೈತಿ; ಮೋಟಾರಿನ ಮೂತಿಯೊಳಗ ತುಂಬಿದ ತಣ್ಣೀರು ಎಳ್ಕೊಂಡು, ಸುಡೋ ಇಂಜಿನ್ನಿನ ಸುತ್ತ ತಿರುಗಿಸಿ, ತಂಪು ಮಾಡೋದು ಅದರ ಕೆಲಸ. ಆ ಪಂಪಿನ ಕುತ್ತಿಗಿ ಸಡಲಾಗಿ ನೀರು ತಟತಟ ಸೋರಾಕ ಹತ್ತಿತ್ತು. ಹೊರಡೋ ದಿನ ಸಾಹೇಬರು ಮೋಟಾರಿನ ಕಡೆ ನೋಡಿದ್ರು, ಅಂಬಪ್ಪನ ಕಡೆ ನೋಡಿದ್ರು. "ಇದನ್ನ ನೀನ ಇಟ್ಕೋ ಅಂಬಪ್ಪ. ಇದಕ್ಕ ನೀರು ಹಾಕಿ ಸಾಕಾಗದವ ಈ ದುನಿಯಾದಾಗ ನೀ ಒಬ್ಬಾವನ" ಅಂದು, ತಾವು ಬಾಡಿಗಿ ಮೋಟಾರಿನ್ಯಾಗ ಕುಂತು ಹೋಗಿಬಿಟ್ರು.

ಊರ ಹೊರಗಿನ ಕೇರಿಯಾಗ ಅಂಬಪ್ಪನ ಗುಡಿಸಲಕ್ಕಿಂತ ಮೋಟಾರ ದೊಡ್ಡದಾತು. ಮಳಿ ಬಂದ್ರ ಮನಿಮಂದಿ ಅದರೊಳಗ ಮಲಗ್ತಿದ್ರು. ಕೋಳಿ ಹಿಂದಿನ ಸೀಟಿನ ಮ್ಯಾಲೆ ತತ್ತಿ ಇಡ್ತಿದ್ವು. ಊರಾಗಿನ ದೊಡ್ಡ ಮಂದಿಗೆ ಮಾತ್ರ ನಿದ್ದಿ ಹೋತು. "ಕೇರಿಯಾಗ ಮೋಟಾರಾ? ನಾಳೆ ಆನಿ ಕಟ್ಟತಾರ ನೋಡ್ರಿ!" ಅಂತ ಕಟ್ಟಿ ಮ್ಯಾಲೆ ಕುಂತು ಹಲ್ಲು ಕಡೀತಿದ್ರು. ಅಂಬಪ್ಪ ಅವರ ಕಟ್ಟಿ ಮುಂದ ಹಾಯೋವಾಗ ಬೇಕಂತಲೇ ಎರಡು ಸಲ ಜಾಸ್ತಿ ಭೋಂಗಾ ಒತ್ತತಿದ್ದ.

ಈ ಸುಖದೊಳಗ ಬೆಂಕಿ ಹಚ್ಚಿದಾಕಿ ಅವನ ತಾಯಿ ಗದ್ದೆಮ್ಮ. ಆಕಿ ಮಗಳು ಗ್ಯಾನಮ್ಮನ್ನ ಲಿಂಗಸುಗೂರಿಗೆ ಕೊಟ್ಟಿತ್ತು. ಗ್ಯಾನಮ್ಮ ಈಗ ಚೊಚ್ಚಿಲ ಬಸುರಿ. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ ಕುಬುಸ ಮಾಡಬೇಕು; ಹಸರು ಕುಬುಸ ತೊಡಿಸಿ, ಉಡಿ ತುಂಬಿ, ಬೀಗರಿಗೆಲ್ಲ ಉಣಿಸಬೇಕು. ಅಷ್ಟರಾಗ ಬೀಗರ ಪೈಕಿ ಯಾವಾಕಿನೋ, "ಸಿಂಧನೂರಿನವರು ಏನ್ ತರ್ತಾರ, ಕತ್ತಿ ಬೆನ್ನ ಮ್ಯಾಲೆ ರೊಟ್ಟಿ ಹೇರ್ಕೊಂಡು ಬರ್ತಾರ" ಅಂದದ್ದು ಗದ್ದೆಮ್ಮನ ಕಿವಿಗೆ ಬಿತ್ತು.

"ಹೌದಾ? ಹಂಗಾದ್ರ ಹೇಳಿ ಕಳಸ್ರಿ, ಮೋಟಾರಿನ್ಯಾಗ ಬರ್ತೀವಿ ಅಂತ. ಕುಬುಸದ ದಿನ ಹೊತ್ತು ಮುಳುಗೋದ್ರೊಳಗ ಬೀಗರ ಅಂಗಳದಾಗ ಭೋಂಗಾ ಊದದಿದ್ರ ನಾ ಗದ್ದೆಮ್ಮನ ಅಲ್ಲ!"

"ಯವ್ವಾ, ಪಂಪು ಸೋರತೈತಿ" ಅಂದ ಅಂಬಪ್ಪ ಸಣ್ಣ ದನಿಯಾಗ.

"ಸೋರಲಿ. ನನ್ನ ಮೊಣಕಾಲು ಹೋಗಿ ಎಷ್ಟು ವರ್ಷ ಆತು, ನಾ ಕಳೆ ತೆಗಿಯೋದು ಬಿಟ್ಟೀನೇನು?"

ಅಂಬಪ್ಪ ತನ್ನ ದೋಸ್ತ ಗೌಸ್‌ಸಾಬನ ಕಡೆ ಓಡಿದ. ಗೌಸ್‌ಸಾಬ್ ಜಟಕಾ ಹೊಡಿಯಾವ. ಕುದುರಿ ಬಲ್ಲವನಾದ್ದರಿಂದ ಮೋಟಾರೂ ಬಲ್ಲೆ ಅನ್ನಾವ. ಪುಂಡಿನಾರು ಹರಳೆಣ್ಣಿಯಾಗ ನೆನೆಸಿ, ಪಂಪಿನ ಕುತ್ತಿಗಿಗೆ ಸುತ್ತಿ, ಜೀರ್ ಅನ್ನಂಗ ಬಿಗಿದ. ಆಮ್ಯಾಲೆ ಆಕಡೆ ಈಕಡೆ ನೋಡಿ ಹೇಳಿದ:

"ಇಷ್ಟಾದ್ರೂ ಸೋರಿದ್ರ ಹೈದರಾಬಾದಿನ ಮಿಸ್ತ್ರಿಗಳು ಏನ್ ಮಾಡ್ತಾರ ಗೊತ್ತೇನು? ನೀರಿನ್ಯಾಗ ಒಂದು ಚಿಟಿಕಿ ಹಿಟ್ಟು ಉದುರಸ್ತಾರ. ಹಿಟ್ಟು ಹೋಗಿ ತೂತಿನ್ಯಾಗ ಕುಂತು ಸೋರೋದು ಬಂದ್. ಚಿಟಿಕಿ ಮಾತ್ರ. ತಿಳೀತಿಲ್ಲೋ?"

"ತಿಳೀತು" ಅಂದ ಅಂಬಪ್ಪ. ಅಂಬಪ್ಪ ತಿಳೀತು ಅಂದಾಗೆಲ್ಲ ಯಾರದೋ ಒಂದು ಗಂಡಾಂತರ ಕಾದಿರ್ತಿತ್ತು.

ಕುಬುಸದ ದಿನ ಮುಂಜಾನೆ ಹೊಂಟ್ರು. ಹಿಂದಿನ ಸೀಟಿನ್ಯಾಗ ರೊಟ್ಟಿ ಗಂಟು, ಹೋಳಿಗಿ ಡಬ್ಬಿ, ಅಲ್ಲೇ ಬಿಸಿರೊಟ್ಟಿ ಬಡಿಯಾಕ ಅಂತ ಜೋಳದ ಹಿಟ್ಟಿನ ಚೀಲ. ಮುಂದ ಗದ್ದೆಮ್ಮ, ಸೆರಗು ಬಿಗಿದು, ರಸ್ತಾ ತನ್ನದ ಅನ್ನಂಗ ಕುಂತಿದ್ಲು. ಮಸ್ಕಿ ಗುಡ್ಡ ದೂರದಾಗ ಕಾಣಾಕ ಹತ್ತೋತನ ಎಲ್ಲಾ ಸರಿ ಇತ್ತು. ಆಮ್ಯಾಲೆ ಮೂತಿಯಿಂದ ಸುಂಯ್ ಅಂತ ಹೊಗಿ ಎದ್ದಿತು. ಕೆಳಗ ಪುಂಡಿನಾರು ಬಾಲದಂಗ ಜೋತಾಡಾಕತ್ತಿತ್ತು.

ಅದೃಷ್ಟಕ್ಕ ಮುಂದ ಒಂದು ಊರು, ರಸ್ತಾದ ಮಗ್ಗಲಾಗ ಬಾವಿ. ಆ ಊರಿನ ಹೆಸರು ನಾ ಹೇಳಂಗಿಲ್ಲ. ಅವರ ಮೊಮ್ಮಕ್ಕಳು ಈಗ ನಮ್ಮ ಜೋಡಿ ಚಹಾ ಕುಡೀತಾರ, ಸುಮ್ಮನ ಯಾಕ.

ಆ ಬಾವಿ ಹತ್ತರ ದಿನಾ ನಡಿಯೋ ಒಂದು ಪದ್ಧತಿ ಇತ್ತು. ಊರ ಹೆಣ್ಮಕ್ಕಳು ಬಾವಿ ಕಟ್ಟಿ ಏರಿ ನೀರು ಸೇದತಿದ್ರು. ಕೇರಿಯ ಹೆಣ್ಮಕ್ಕಳು ದೂರ ಬೇವಿನ ಗಿಡದ ಕೆಳಗ ಖಾಲಿ ಕೊಡ ಇಟಗೊಂಡು ಕುಂದರ್ತಿದ್ರು. ಯಾರಿಗರ ಮನಸ್ಸಿಗೆ ಬಂದ್ರ ಮ್ಯಾಲಿಂದ ಒಂದು ಕೊಡ ಸುರುವತಿದ್ರು, ಬರದಿದ್ರ ಇಲ್ಲ. ಆ ದಿನ ಗಿಡದ ಕೆಳಗ ಯಮನಮ್ಮ ಅನ್ನಾಕಿ ಮುಂಜಾನಿಂದ ಕುಂತಿದ್ಲು. ಯಾರ ಮನಸ್ಸಿಗೂ ಬಂದಿರಲಿಲ್ಲ.

ಅಂಬಪ್ಪ ಬಾವಿ ಹತ್ತರ ಮೋಟಾರು ನಿಲ್ಲಿಸಿ ಭೋಂಗಾ ಒತ್ತಿದ. ಅಲ್ಲೇ ಅನಾಹುತ ಆತು. ಆ ಭೋಂಗಾದ ದನಿ ಸುತ್ತ ಹಳ್ಳಿಗೆಲ್ಲ ಗೊತ್ತು. ಊರ ಪೋಲೀಸ್ ಪಟೇಲ ಮುದುಕಪ್ಪಗೌಡ ಉಣ್ಣೋ ತಾಟು ಬಿಟ್ಟು ಎದ್ದ. "ತಾಮೀರಾತ್ ಸಾಹೇಬ್ರು ಬಂದ್ರು! ಲೇ, ಹಲಗಿ ಹೊಡಸ್ರಲೇ! ಹಾರ ತರ್ರಲೇ!" ಊರ ಲೆಕ್ಕ ಬರಿಯೋ ಪಟವಾರಿ ಪಗಡಿ ಸುತ್ತಿಕೊಂತ ಬಂದ. ಹೊಗಿಯೊಳಗ ಯಾರು ಕುಂತಾರ ಕಾಣವಲ್ದು. ಗೌಡ ಕಣ್ಣು ಮುಚ್ಚಿ ಸಲಾಂ ಹೊಡೆದು, ಕೊಳ್ಳು ಸಿಗದ್ದಕ್ಕ ಹಾರ ಒಯ್ದು ಮೋಟಾರಿನ ಮೂತಿಗೇ ಹಾಕಿದ. ಹೆಣ್ಮಕ್ಕಳು ಕುಂಕುಮ ಹಚ್ಚಿದ್ರು. "ಸಾಹೇಬ್ರ ಮೋಟಾರಿಗೆ ನೀರಡಿಕಿ ಆಗೈತಿ, ಹಾಕ್ರೆವ್ವಾ!" ಅಂದ ಗೌಡ. ಅಂಬಪ್ಪ ಇಳಿದು ಮೂತಿ ಮ್ಯಾಲಿನ ಹಿತ್ತಾಳಿ ಮುಚ್ಚಳಕ್ಕ ಬಟ್ಟಿ ಹಿಡಿದು ತೆಗೆದ. ಒಂದು ಕೊಡ ನೀರು ಮೂತಿಯೊಳಗ ಹೋತು. ಇನ್ನೊಂದು ಕೊಡ ಎತ್ತಿ ಹಿಡಿದಾಗ ಹೊಗಿ ಸರೀತು.

"ಸಾಹೇಬ್ರು ಎಲ್ಲಿ?" ಅಂದ ಗೌಡ.

"ಹೈದರಾಬಾದಿನ್ಯಾಗ ಅದಾರ್ರೀ. ಮೋಟಾರು ನಂದು."

"ನಿಂದಾ? ನೀ ಯಾವೂರಾವ? ಯಾರ ಪೈಕಿ?"

ಅಂಬಪ್ಪ ಮುಚ್ಚಿಡಲಿಲ್ಲ. ಊರು ಹೇಳಿದ, ಕೇರಿ ಹೇಳಿದ, ಅಪ್ಪನ ಹೆಸರೂ ಹೇಳಿದ. ಎತ್ತಿದ್ದ ಕೊಡ ಅಲ್ಲೇ ಕೆಳಗ ಇಳೀತು. ಹಲಗಿ ನಿಂತಿತು. ಕುಂಕುಮ ಹಚ್ಚಿದ ಹೆಣ್ಮಗಳು ತನ್ನ ಬೆರಳು ತಾನ ನೋಡ್ಕೊಂತ ನಿಂತಳು.

"ಹಾರ ತೆಗೀಲೇ!" ಅಂತ ಗೌಡ ಒದರಿದ.

"ತೆಗೀತೀನ್ರಿ. ತೆಗದದ್ದನ್ನ ಯಾರಿಗೆ ಹಾಕ್ತೀರಿ, ನೀವ ಹಾಕ್ಕೊಂತೀರೇನು?" ಅಂದ ಅಂಬಪ್ಪ. ಚಾಷ್ಟಿ ಮಾಡಾಕ ಅಂದದ್ದಲ್ಲ, ಖರೇನ ಅವನಿಗೆ ತಿಳೀಲಿಲ್ಲ. ಹಾರ ಇದ್ದಲ್ಲೇ ಉಳೀತು.

ಪಟವಾರಿ ಗಂಟಲು ಸರಿ ಮಾಡ್ಕೊಂಡ. "ಪಾತ್ರಿ ಯಾರದೋ ಜಾತಿ ಅವರದು. ಮೋಟಾರು ಅಂದ್ರ ನೀರು ಹಿಡಿಯೋ ಪಾತ್ರಿ. ಇವನ ಪಾತ್ರಿಗೆ ಊರ ಬಾವಿ ನೀರು ಹಾಕಾಕ ಬರಂಗಿಲ್ಲ. ಹಾಕಿದ್ದು ಅಚಾತುರ್ಯ. ಇನ್ನ ಹಾಕಂಗಿಲ್ಲ."

"ಮಸ್ಕಿ ಹಳ್ಳಕ್ಕ ಹೋಗಲೇ. ಉಸುಕಿನ್ಯಾಗ ವರತಿ ತೋಡಿ ಕುಡಸು" ಅಂದ ಗೌಡ.

"ಹಳ್ಳದತನ ಹೋಗಾಕನ ನೀರು ಬೇಕಲ್ರಿ."

"ಹಂಗಾದ್ರ ಎತ್ತು ಕಟ್ಟಿ ಎಳಸ್ಕೊಂಡು ಹೋಗು."

ಎತ್ತು ಅಂದದ್ದ ತಡ, ಗದ್ದೆಮ್ಮ ಮೋಟಾರಿನಿಂದ ಇಳಿದಳು. "ಎತ್ತು ಕಟಗೊಂಡು ನಾ ಬೀಗರ ಅಂಗಳಕ್ಕ ಹೋಗಬೇಕೇನು? ನಡೀರಿ, ಅದಕ್ಕಿಂತ ಇಲ್ಲೇ ಸಾಯ್ತೀನಿ. ಅಂಬ್ಯಾ, ನೀ ಅಲುಗಾಡಬ್ಯಾಡ."

"ನಾ ಎಲ್ಲಿ ಹೋಗ್ಲಿ, ಮೋಟಾರ ಹೋಗವಲ್ದು" ಅಂದ ಅಂಬಪ್ಪ. ಆಮ್ಯಾಲೆ ಒಂದು ಉಸಿರು ತಗೊಂಡು, ತನಗೂ ಗೊತ್ತಿಲ್ಲದ ಮತ್ತೊಂದು ಮಾತು ಅಂದ: "ನೀರು ಬಿದ್ರ ಹೋಗ್ತೀನ್ರಿ. ಬೀಳದಿದ್ರ ಒಲ್ಲೆ. ಇದು ಸರಕಾರಿ ರಸ್ತಾ."

ಹಿಂಗ ತಾಯಿ ಮಗ ಇಬ್ಬರೂ ಮೋಟಾರಿಗೆ ಒರಗಿ ನಿಂತ್ರು. ಊರು ಎದುರು ನಿಂತಿತು. ಹೊತ್ತು ಏರಿ ಇಳಿಯಾಕ ಹತ್ತಿತು. ಅದರ ಸಂಗಾಟ ಮೋಟಾರಿನ ನೆರಳು ಬಾವಿ ಕಡೆ ಸರಿಯಾಕತ್ತಿತು. ಪಟವಾರಿ ನೆರಳು ನೋಡ್ತಾನ, ಬಾವಿ ನೋಡ್ತಾನ, ಬೆವರು ಒರಸ್ಕೊಂತಾನ. "ಗೌಡ್ರ, ಇನ್ನ ಒಂದು ತಾಸಿಗೆ ನೆರಳು ನೀರಿಗೆ ಬೀಳತೈತ್ರಿ!"

ಅಂಬಪ್ಪನ ಕಣ್ಣು ಮಾತ್ರ ಮೋಟಾರಿನ ಕೆಳಗ ಇತ್ತು. ಬಿದ್ದ ಒಂದ ಕೊಡ ನೀರು, ಅದೂ ಪಂಪಿನಿಂದ ತಟತಟ ಹೋಗಾಕತ್ತೈತಿ. ಪೂರಾ ಹೋತಂದ್ರ ಗ್ಯಾನಮ್ಮನ ಕುಬುಸವೂ ಹೋತು. ಆಗ ಗೌಸ್‌ಸಾಬನ ಮಾತು ನೆನಪಾತು: ಚಿಟಿಕಿ ಹಿಟ್ಟು. ಅಂಬಪ್ಪ ವಿಚಾರ ಮಾಡಿದ. ಚಿಟಿಕಿ ಅಂದದ್ದು ಹೈದರಾಬಾದಿನ ಸಣ್ಣ ತೂತಿಗೆ. ನಮ್ಮದು ದೊಡ್ಡ ತೂತು. ಚೀಲ ಬಿಚ್ಚಿ ಒಂದು ಬೊಗಸಿ ಹಾಕಿದ. ಮತ್ತೊಂದು ಬೊಗಸಿ ಹಾಕಿದ. ಮೂರನೇದು ಅಕ್ಕ ಗ್ಯಾನಮ್ಮನ ಹೆಸರಿಲೆ ಹಾಕಿ, ಹಿತ್ತಾಳಿ ಮುಚ್ಚಳ ತಿರುವಿ ತಿರುವಿ ಬಿಗಿದು, ಹ್ಯಾಂಡಲ್ ಹೊಡೆದು ಇಂಜಿನ್ನು ಹಚ್ಚಿದ. ಹಿಟ್ಟು ಎಲ್ಲಾ ಕಡೆ ತಿರುಗಿ ತೂತು ಹುಡಕಬೇಕಲ್ಲ!

ಹಿಟ್ಟು ತಿರುಗಿತು. ಮೊದಲಿಗೆ ಬುಸಬುಸ ಅಂತು, ಆಮ್ಯಾಲೆ ಲೊಟಲೊಟ ಅಂತು. ಸ್ವಲ್ಪ ಹೊತ್ತಿಗೆ ಊರ ತುಂಬ ವಾಸನಿ ಹಬ್ಬಿತು. ಮಧ್ಯಾಹ್ನದ ಹೊತ್ತು, ಹಸಿದ ಮಂದಿ. ಒಬ್ಬಾಕಿ ಮುದುಕಿ ಮೂಗು ಏರಿಸಿ ಎಳ್ಕೊಂಡಳು.

"ಅಂಬಲಿ ಕುದಿಯಾಕತ್ತೈತವ್ವಾ. ಹದಾ ಭೇಷ್ ಬಂದೈತಿ. ಉಪ್ಪು ಹಾಕ್ಯಾನೋ ಇಲ್ಲೋ?"

"ಉಪ್ಪು ಹಾಕಿಲ್ಲಬೇ" ಅಂದ್ಲು ಗದ್ದೆಮ್ಮ.

ಗೌಡನಿಗೆ ತಡಿಯಾಕ ಆಗಲಿಲ್ಲ. ಊರ ಬಾವಿ ಮುಂದ, ಊರ ನೀರಿನ್ಯಾಗ, ಕೇರಿಯವ ಒಲಿ ಹೂಡ್ಯಾನ! ಬಡಿಗಿ ತಗೊಂಡು ಮೋಟಾರಿನ ಮೂತಿ ಮುಂದ ಬಂದು ನಿಂತ. ಹಿಂದ ಪಟವಾರಿ.

"ಮುಚ್ಚಳ ತೆಗೀಲೇ! ಏನ್ ಬೇಸಾಕತ್ತೀ ತೋರ್ಸು!"

"ಬ್ಯಾಡ್ರೀ ಗೌಡ್ರ. ಈಗ ತೆಗೀಬಾರದು. ಕೈ ಮುಗೀತೀನಿ, ಹಿಂದ ಸರೀರಿ."

"ನನಗ ಬ್ಯಾಡ ಅಂತೀ? ನನ್ನ ಊರಾಗ ನನಗ ಸರಿ ಅಂತೀ?" ಅಂತ ಗೌಡ ಬಾಯಿ ದೊಡ್ಡದಾಗಿ ತೆರೆದು, ಬಡಿಗಿಲೆ ಮುಚ್ಚಳಕ್ಕ ಒಂದು ಬಿಟ್ಟ.

ಢಮ್!

ಹಿತ್ತಾಳಿ ಮುಚ್ಚಳ ಬೇವಿನ ಗಿಡದ ಮ್ಯಾಲೆ ಹಾದು ಎತ್ತಲೋ ಹೋತು. ಅಂಬಲಿ ಆಳೆತ್ತರ ಎದ್ದು, ಆರಿಕೊಂತ ಕೆಳಗ ಬಂತು. ಪಟವಾರಿ ಪಗಡಿ ಮ್ಯಾಲೆ ಬಿತ್ತು, ಗೌಡನ ಮೀಸಿ ಮ್ಯಾಲೆ ಬಿತ್ತು, ತೆರೆದ ಬಾಯಿಯೊಳಗೂ ದಂಡಿಯಾಗಿ ಬಿತ್ತು. ಬಿಸಿಗೆ ಗೌಡನ ನಾಲಿಗಿ ಚುರ್ ಅಂತು. ಉಗಳಬೇಕಾಗಿತ್ತು. ಗಾಬರಿಯೊಳಗ ಗಟಕ್ ಅಂತ ನುಂಗಿಬಿಟ್ಟ.

ಆ ಮುದುಕಿನ ಮೊದಲು ಬಾಯಿ ಬಿಟ್ಟದ್ದು: "ಗೌಡ್ರು ನುಂಗಿದ್ರು."

"ಇಲ್ಲ!" ಅಂದ ಗೌಡ.

"ಗಂಟಲು ಏರಿ ಇಳದದ್ದು ನಾ ಕಂಡೀನಿ."

ಗೌಡ ಮುಖ ಒರಸ್ಕೊಂತ ಮನಿಗೆ ಓಡಿದ. ಮನಿ ಬಾವಿ ಎದುರಿಗೇ. ಹೆಂಡತಿ ಪಾರ್ವತೆಮ್ಮ ಹೊಸ್ತಿಲದಾಗ ಎರಡೂ ಕೈ ಅಡ್ಡ ಹಚ್ಚಿ ನಿಂತಿದ್ಲು. ಮದುವಿಯಾಗಿ ಬಂದಾಗಿಂದ ಆಕಿ ಗೌಡನ ಮಡಿ ಮೈಲಗಿ ಮಾತು ಕೇಳಿ ಕೇಳಿ ಸಾಕಾಗಿದ್ಲು. ತವರಿನ ಮಂದಿ ಬಂದ್ರೂ ಪಡಸಾಲಿ ದಾಟಗೊಡದ ಗಂಡ ಅವ.

"ಅಲ್ಲೇ ನಿಂದರ್ರಿ. ಪಾತ್ರಿ ಯಾರದೋ ಜಾತಿ ಅವರದು ಅಂತ ಪಟವಾರಿ ಹೇಳಿದ್ದು ನನಗೂ ಕೇಳಸೈತಿ. ಅಂಬಪ್ಪನ ಪಾತ್ರ್ಯಾಗಿನ ಅಂಬಲಿ ಕುಡದೀರಿ. ಇನ್ನ ನಿಮ್ಮ ಊಟ ದನದ ಕೊಟ್ಟಿಗ್ಯಾಗ."

"ಪಾರ್ವತಿ, ನಾ ಕುಡೀಲಿಲ್ಲ, ತಾನ ಬಿತ್ತು!"

"ತಾನ ಬಿದ್ದದ್ದು ತಾನ ಇಳೀತೇನು?"

ಗೌಡ ಕೆಂಡ ಆದ. ಮಸ್ಕಿ ಠಾಣೆದ ಅಮೀನ್ ಸಾಬರಿಗೆ ತಳವಾರನ್ನ ಓಡಿಸಿದ: ಕೇರಿಯವ ಒಬ್ಬ ಪೋಲೀಸ್ ಪಟೇಲನ ಮ್ಯಾಲೆ ಜುಲ್ಮಿ ಮಾಡ್ಯಾನ, ಬೇಡಿ ಸಮೇತ ಬರಬೇಕು. ಅಮೀನ್ ಸಾಬರು ಅದೇ ರಸ್ತಾದಾಗ ಕುದುರಿ ಮ್ಯಾಲೆ ಬರಾಕತ್ತಿದ್ರು, ಲಗೂನ ಬಂದು ಇಳಿದ್ರು. ದಪ್ಪ ಆಳು, ಮಧ್ಯಾಹ್ನದ ಊಟ ಆಗಿರಲಿಲ್ಲ. ವಾಸನಿಗೆ ಒಂದು ಸಲ ಸುತ್ತ ನೋಡಿ, ಕುರ್ಚಿ ಹಾಕಿಸ್ಕೊಂಡು ಕುಂತ್ರು.

"ಬೋಲೋ ಪಟೇಲ್. ಫಿರ್ಯಾದಿ ಏನು?"

"ಹುಜೂರ್, ಈ ಅಂಬಪ್ಪ ನನಗ ಅಂಬಲಿ ಕುಡಿಸ್ಯಾನ."

"ಹೆಂಗಿತ್ತು?"

"ಹುಜೂರ್?"

"ಅಂಬಲಿ ಹೆಂಗಿತ್ತು ಅಂತ ಕೇಳ್ದೆ. ಪಂಚನಾಮಿ ಮಾಡಬೇಕಲ್ಲ."

ಗೌಡ ವಿಚಾರ ಮಾಡಿದ. "ಉಪ್ಪು ಇರಲಿಲ್ರಿ."

"ಹಾಂ. ರುಚಿ ತನಕ ಹೋಗೈತಿ. ಅಂದ್ರ ಉಂಡದ್ದು ಪಕ್ಕಾ."

ಮಂದಿ ನಕ್ಕರು. ಗೌಡ ಬಿಳಚಿಕೊಂಡ. ಹೊಸ್ತಿಲದಾಗಿಂದ ಪಾರ್ವತೆಮ್ಮನ ದನಿ ಬಂತು: "ಅಮೀನ್ ಸಾಬ್ರ, ನನಗೊಂದು ಫೈಸಲ್ ಮಾಡಿ ಕೊಡ್ರಿ. ಮೋಟಾರಿಗೆ ಜಾತಿ ಐತೋ ಇಲ್ಲೋ? ಐತಿ ಅಂದ್ರ ಇವರು ಅದರಾಗ ಉಂಡಾರ, ಕೊಟ್ಟಿಗಿಗೆ ಹೋಗಲಿ. ಇಲ್ಲ ಅಂದ್ರ ಅದು ಬರೇ ಕಬ್ಬಿಣ; ಅದಕ್ಕ ನೀರು ಕೊಟ್ಟು ಕಳಿಸಿ ಒಳಗ ಬರಲಿ. ನಡುವ ನಿಂದ್ರಾಕ ನಾ ಬಿಡಂಗಿಲ್ಲ."

ಅಮೀನ್ ಸಾಬರು ತೊಡಿ ತಟ್ಟಿದ್ರು. "ವಾಹ್! ಕಾನೂನ್ ಇದು. ಬೋಲೋ ಪಟೇಲ್, ಯಾವುದು ಬರೀಲಿ? ಜಾತಿ ಐತಿ ಅಂದ್ರ ಬರೀತೀನಿ, ರಾಯಚೂರಿಗೆ ಕಳಸ್ತೀನಿ, ಕಚೇರಿ ತುಂಬ ಓದತಾರ."

ಗೌಡ ಮನಿ ಬಾಗಿಲು ನೋಡಿದ, ಕೊಟ್ಟಿಗಿ ನೋಡಿದ. "ಮೋಟಾರಿಗೆ ಜಾತಿ ಇಲ್ಲ!" ಅಂತ ಊರಿಗೆಲ್ಲ ಕೇಳಂಗ ಒದರಿದ.

"ಆದ್ರ ಗೌಡ್ರ, ಪಾತ್ರಿ..." ಅಂದ ಪಟವಾರಿ.

"ಬಾಯಿ ಮುಚ್ಚು! ನಿನ್ನ ತುಟಿ ಮ್ಯಾಲೂ ಐತಿ."

ಪಟವಾರಿ ತುಟಿ ಮುಟ್ಟಿ ನೋಡ್ಕೊಂಡ. "ಶಾಸ್ತ್ರದಾಗ ಮೋಟಾರಿನ ಮಾತು ಎಲ್ಲೂ ಬಂದಿಲ್ಲ ಬಿಡ್ರಿ" ಅಂದು ಹಿಂದ ಸರಿದ.

"ಯಾರರ ಒಬ್ಬರು ಎರಡು ಕೊಡ ಸುರುವಿ ಕಳಸ್ರೆವ್ವಾ ಇದನ್ನ" ಅಂದ ಗೌಡ.

ಇಷ್ಟಕ್ಕ ಕಥಿ ಮುಗೀಬೇಕಾ‍ಗಿತ್ತು. ಬ್ಯಾರೆ ಯಾರಾದ್ರೂ ಆಗಿದ್ರ ನೀರು ಹಾಕಿಸ್ಕೊಂಡು, ಸಲಾಂ ಹೊಡೆದು, ಹೋಗಿಬಿಡ್ತಿದ್ರು. ಅಂಬಪ್ಪನ ಕಣ್ಣು ಯಾಕೋ ಬೇವಿನ ಗಿಡದ ಕಡೆ ಹೋತು. ಅಲ್ಲಿ ಯಮನಮ್ಮ ಖಾಲಿ ಕೊಡ ಮಡಿಲಾಗ ಇಟಗೊಂಡು ಇನ್ನೂ ಕುಂತಿದ್ಲು. ಆಕಿನ್ನ ನೋಡಿ ಅವನಿಗೆ ಸಿಟ್ಟು ಬಂತು. ಕಬ್ಬಿಣಕ್ಕ ಸಿಗೋ ನೀರು ಕೊಡಕ್ಕ ಇಲ್ಲ!

"ಒಲ್ಲೆ ರೀ" ಅಂದ.

"ಏನು ಒಲ್ಲೆ?"

"ನೀವು ಸುರುವೋದು ಒಲ್ಲೆ. ನನ್ನ ಮೋಟಾರಿಗೆ ನಾ ಹಾಕ್ತೀನಿ." ಸೀಟಿನ ಕೆಳಗಿನ ಬಕೀಟು ತೆಗೆದ. "ಇದು ಮೋಟಾರಿನ ಬಕೀಟು ರೀ. ಇದಕ್ಕ ಜಾತಿ ಐತೇನು?"

ಗೌಡ ಹೆಂಡತಿ ಕಡೆ ನೋಡಿದ. "...ಇಲ್ಲ."

"ಇದು ಮೋಟಾರಿನ ಹಗ್ಗ. ಕೆಟ್ಟಾಗ ಎಳಿಯಾಕ ಇಟ್ಟದ್ದು."

"ಹಗ್ಗಕ್ಕೂ ಇಲ್ಲ. ಹಾಳಾಗಿ ಹೋಗು, ಇಲ್ಲ!"

"ಮತ್ತ ಕೈ?" ಅಂದ ಪಟವಾರಿ ಹಿಂದಿನಿಂದ, ತಡಿಯಾಕ ಆಗಲಾರದ. "ಕೈ ನಿಂದಲ್ಲೇನು?"

ಅಂಬಪ್ಪ ತನ್ನ ಎರಡೂ ಕೈ ತಿರುವಿ ನೋಡ್ಕೊಂಡ. ಎಣ್ಣಿ ಕುಡಿದು ಕಪ್ಪಾದ ಕೈ. "ಇದೂ ಮೋಟಾರಿಂದ ರೀ. ಈ ಕೈ ಇಲ್ಲದ ಅದು ಅಲುಗಾಡಂಗಿಲ್ಲ. ಕೈಗೆ ಜಾತಿ ಐತಿ ಅಂದ್ರ ಮೋಟಾರಿಗೆ ಐತಿ. ಮೋಟಾರಿಗೆ ಐತಿ ಅಂದ್ರ ಗೌಡ್ರು..."

"ಸೇದಲೇ! ಸೇದು!" ಅಂದ ಗೌಡ ಕೈ ಎತ್ತಿ.

ಅಂಬಪ್ಪ ಬಾವಿ ಕಟ್ಟಿ ಏರಿದ. ಊರ ಬಾವಿಯೊಳಗ ಬಗ್ಗಿ ನೋಡಿದ್ದು ಅವನ ಜನ್ಮದಾಗ ಅದೇ ಮೊದಲು. ಎಷ್ಟು ನೀರು! ತಿಳಿಯಾಗಿ, ತಣ್ಣಗ, ಕರೇ ಕಲ್ಲಿನ ನಡುವ ಸುಮ್ಮನ ನಿಂತಿತ್ತು. ಅದರಾಗ ಅವನ ಮುಖ ಕಾಣಾಕತ್ತಿತ್ತು. ಬಾವಿ ಅವನನ್ನ ಬ್ಯಾಡ ಅಂದಂಗೇನೂ ಕಾಣಲಿಲ್ಲ. ಬಕೀಟು ಬಿಟ್ಟ. ಮುಖ ಒಡೀತು, ನೀರು ಮ್ಯಾಲೆ ಬಂತು.

ಒಂದು ಬಕೀಟಿಗೆ ಮುಗಿಯೋ ಕೆಲಸ ಅಲ್ಲ ಅದು. ಹೊಟ್ಟಿ ತುಂಬ ಅಂಬಲಿ ಕಟ್ಟಿತ್ತು, ತೊಳೀಬೇಕಲ್ಲ! ಅಂಬಪ್ಪ ಸೇದಿದ, ಸುರುವಿದ, ಕೆಳಗ ಬಿಟ್ಟ, ಮತ್ತ ಸೇದಿದ. ಊರ ನಾಯಿ ಬಂದು ಅಂಬಲಿ ನೆಕ್ಕಿದ್ವು, ಅವಕ್ಕ ಯಾರೂ ಜಾತಿ ಕೇಳಲಿಲ್ಲ. ಪ್ರತಿ ಬಕೀಟಿಗೂ ಗೌಡ "ಸಾಕಲ್ಲೇನೋ?" ಅಂತಾನ, "ಇನ್ನೂ ತಿಳಿ ಬಂದಿಲ್ರಿ" ಅಂತಾನ ಅಂಬಪ್ಪ. ತಿಳಿ ಬಂದ ಮ್ಯಾಲೂ ನಾಲ್ಕು ಜಾಸ್ತಿ ಸೇದಿದ ಅಂತ ನನ್ನ ಗುಮಾನಿ. ಒಂದು ಪವಾಡ ಮಾತ್ರ ಆಗಿತ್ತು: ಪಂಪಿನ ಕುತ್ತಿಗಿಯಾಗ ಹಿಟ್ಟು ಕಲ್ಲಾಗಿ ಕುಂತು, ಸೋರೋದು ನಿಂತಿತ್ತು.

ಕಡೀ ಬಕೀಟಿಗೆ ಗದ್ದೆಮ್ಮ ಬೊಗಸಿ ಒಡ್ಡಿ ಬಗ್ಗಿದಳು. "ಏಯ್, ನಿನಗ್ಯಾರು ಹೇಳಿದ್ರು?" ಅಂದ ಪಟವಾರಿ.

"ಮೋಟಾರು ಹೊಡಿಯೋ ಕೈ ಯಾರ ಹೊಟ್ಟಿಯಾಗಿಂದ ಬಂದದ್ದು ಅಂತ ತಿಳಿದೀರಿ?" ಅಂದು, ಕಣ್ಣು ಮುಚ್ಚಿ, ಗಟಗಟ ಕುಡಿದಳು. ಕುಡಿದು ಸೆರಗಿಲೆ ಬಾಯಿ ಒರಸ್ಕೊಂಡಳು. "ಸಿಹಿ ನೀರು. ಇಷ್ಟು ಸಿಹಿ ನೀರು ಇಟಗೊಂಡು ಇಷ್ಟು ಖಾರ ಹೆಂಗ ಇರ್ತೀರ್ರೀ?"

ಅಮೀನ್ ಸಾಬರು ಎದ್ರು. ಬೇಡಿ ಬಂದಂಗ ವಾಪಸ್ ಹೋದ್ವು. ಹೋಗೋವಾಗ ಒಂದು ಹೋಳಿಗಿ ತಿಂದು ಹೋದ್ರು. ಹಿತ್ತಾಳಿ ಮುಚ್ಚಳ ಎಷ್ಟು ಹುಡಕಿದ್ರೂ ಸಿಗಲಿಲ್ಲ. ಅಂಬಪ್ಪ ಬಟ್ಟಿ ಉಂಡಿ ಮಾಡಿ ಮೂತಿಗೆ ತುರುಕಿದ, ಹ್ಯಾಂಡಲ್ ಹೊಡೆದ. ಹೊತ್ತು ಮುಳುಗಾಕ ಹತ್ತಿದಾಗ ಲಿಂಗಸುಗೂರಿನ ಬೀಗರ ಅಂಗಳದಾಗ ಭೋಂಗಾ ಊದಿತು. ಗ್ಯಾನಮ್ಮ ಹೊಟ್ಟಿ ಹಿಡಕೊಂಡು ಓಡಿ ಬಂದು ನಕ್ಕಳು, ಅತ್ತಳು, ಮತ್ತ ನಕ್ಕಳು. ಮೂತಿ ಮ್ಯಾಲೆ ಗೌಡ ಹಾಕಿದ ಹಾರ ಇನ್ನೂ ಇತ್ತು. "ದಾರ್ಯಾಗ ಒಬ್ಬ ಪಟೇಲ್ರು ಮರ್ಯಾದಿ ಮಾಡಿದ್ರು" ಅಂದ್ಲು ಗದ್ದೆಮ್ಮ. ಕತ್ತಿ ಮಾತು ಆಡಿದಾಕಿ ಆ ರಾತ್ರಿ ಎರಡು ರೊಟ್ಟಿ ಕಡಿಮಿ ಉಂಡಳು.

ಮಾರನೇ ದಿನ ಅಂಬಪ್ಪ ಅದೇ ರಸ್ತಾಲೆ ತಿರುಗಿ ಬಂದ. ಅದೇ ಬಾವಿ ಹತ್ತರ ಬಂದಾಗ ಪಂಪಿನ್ಯಾಗಿನ ಹಿಟ್ಟು ಕಳಚಿತು, ಮೋಟಾರು ಸುಂಯ್ ಅಂತ ನಿಂತಿತು. ಬಕೀಟು ತಗೊಂಡು ಇಳಿದ ಅಂಬಪ್ಪ ಬಾವಿ ಕಡೆ ನೋಡಿ ಅಲ್ಲೇ ನಿಂತ.

ಬೇವಿನ ಗಿಡದ ಕೆಳಗ ಯಾರೂ ಇರಲಿಲ್ಲ. ಬಾವಿ ಕಟ್ಟಿ ಮ್ಯಾಲೆ ಯಮನಮ್ಮ ಹಗ್ಗ ಬಿಡಾಕತ್ತಿದ್ಲು. ಆಕಿ ಕೊಡದ ಕೊಳ್ಳಿಗೆ ದಾರ ಕಟ್ಟಿ ಒಂದು ಜೋತು ಬಿಟ್ಟಿತ್ತು: ಮೋಟಾರಿನ ಹಿತ್ತಾಳಿ ಮುಚ್ಚಳ. ಆಕಿ ಹಿಂದ ಕೇರಿಯ ಇನ್ನೊಬ್ಬಾಕಿ ನಿಂತಿದ್ಲು, ಕೊಡಕ್ಕ ನಿನ್ನೆ ಮೋಟಾರಿನಿಂದ ಕಳಚಿ ಬಿದ್ದ ಪುಂಡಿನಾರು ಸುತ್ಯಾಳ. ಆಕಿ ಹಿಂದ ಮತ್ತೊಬ್ಬಾಕಿ, ಬರೇ ಕೊಡ.

ಎದುರಿನ ಕಟ್ಟಿ ಮ್ಯಾಲೆ ಮುದುಕಪ್ಪಗೌಡ ಕುಂತಿದ್ದ. ಹೊಸ್ತಿಲದಾಗ ಪಾರ್ವತೆಮ್ಮ ನಿಂತಿದ್ಲು. ಗೌಡ ಬೈಯಾಕ ಬಾಯಿ ತೆರೆದ, ಮುಚ್ಚಳದ ಕಡೆ ನೋಡಿದ, ಹಲ್ಲು ಕಚ್ಚಿ ಬಾಯಿ ಮುಚ್ಚಿದ.

"ಯಾರಾರ ಏನರ ಅಂದ್ರೇನವ್ವಾ?" ಅಂತ ಕೇಳಿದ ಅಂಬಪ್ಪ.

"ಅನ್ನಾಕ ಬಂದಿದ್ರು. ಇದು ಮೋಟಾರಿನ ಕೊಡ ಅಂದೆ." ಯಮನಮ್ಮ ಮುಚ್ಚಳ ಕೈಯಾಗ ಹಿಡಿದು ಅವನ ಕಡೆ ತಿರುಗಿದಳು. "ನಿಂದಲ್ಲಪ್ಪಾ ಇದು? ವಾಪಸ್ ಬೇಕೇನು?"

ಅಂಬಪ್ಪ ಬಕೀಟು ಕೆಳಗ ಇಟ್ಟ. ಮೋಟಾರಿಗೆ ಹೋಗಿ, ಸೀಟಿನ ಕೆಳಗಿನ ಸಾಮಾನಿನ ಡಬ್ಬಿ ಹೊತ್ತು ತಂದು, ನಟ್ಟು ಬೋಲ್ಟು ವಾಶರ್ ಎಲ್ಲಾ ಬಾವಿ ಕಟ್ಟಿ ಮ್ಯಾಲೆ ಗಲಗಲ ಸುರುವಿದ.

"ಇನ್ನ ಯಾರ್ಯಾರಿಗೆ ಬೇಕು, ಬರ್ರೆವ್ವಾ!"